ತಳದಲ್ಲಿ ಉಳಿದ ತೀರ್ಥ

ಕರಿಕೆ,
18 ಜೂನ್ 2023

ತನ್ಮಯೀ,

ಆಶೀರ್ವಾದವನ್ನು ಕೊನೆಗೆ ಬರೆಯುತ್ತೇನೆ, ಮೊದಲು ಕೆಲಸದ ಮಾತು. ನಮ್ಮ ದೇವಸ್ಥಾನದ ಬಾವಿ ಕೆಂಪಾಗಿದೆ. ಹೋದ ವರ್ಷ ಮೇಲಿನ ಗುಡ್ಡ ಜಾರಿದ ಮೇಲೆ ಶುರುವಾದದ್ದು ಈ ಮಳೆಗೆ ಹೆಚ್ಚಾಯಿತು. ಬೆಳಿಗ್ಗೆ ಸೇದಿದ ನೀರನ್ನು ಸ್ವಲ್ಪ ಹೊತ್ತು ಇಟ್ಟರೆ ಮೇಲೆ ಎಣ್ಣೆಯಂಥ ಪೊರೆ, ಕೆಳಗೆ ಕೆಂಪು ಗಸಿ. ವಿಷ್ಣುವಿನ ಪಾದ, ಬೆಳ್ಳಿಯ ಪ್ರಭಾವಳಿ ಎಲ್ಲ ತುಕ್ಕಿನ ಬಣ್ಣಕ್ಕೆ ತಿರುಗಿವೆ. ತೀರ್ಥ ಕೊಟ್ಟರೆ ಜನ ಮೊದಲು ಅಂಗೈ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ, ಆಮೇಲೆ ಕುಡಿದ ಹಾಗೆ ಮಾಡಿ ತಲೆಗೆ ಒರೆಸಿಕೊಳ್ಳುತ್ತಾರೆ. ನಾನೂ ನೋಡದ ಹಾಗೆ ಮಾಡುತ್ತೇನೆ.

ನಮ್ಮ ಸಮಿತಿಯ ಅಧ್ಯಕ್ಷ ದೇರಪ್ಪನವರು ಮೊನ್ನೆ, "ಭಟ್ರೆ, ಪಾಣತ್ತೂರಿಂದ ಕ್ಯಾನ್ ನೀರ್ ತರ್ಸಿರೆ ಎಂತ?" ಅಂದರು. ತಂತ್ರಿಗಳ ಹತ್ತಿರ ಕೇಳಿದರೆ, ದೇವರ ಬಾವಿ ಇರುವಾಗ ಅಂಗಡಿಯ ನೀರು ತಂದು ಅಭಿಷೇಕ ಮಾಡುವುದಾದರೆ ಮೂರ್ತಿಯನ್ನೂ ಅಂಗಡಿಯಿಂದಲೇ ತನ್ನಿ ಅಂತ ಬೈದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿ ಕೊಡಲು ತಯಾರಿದ್ದರೂ ಕುಡಿಯುವವರಿಲ್ಲ.

ಯುಗಾದಿಗೆ ಬಂದಾಗ ನೀನೊಂದು ಶೀಶೆ ತೋರಿಸಿದ್ದೆ. ನೀರಿನಲ್ಲಿ ಕಪ್ಪು ಪುಡಿ. ಅಯಸ್ಕಾಂತ ಹಿಡಿದ ಕೂಡಲೇ ಪುಡಿಯೆಲ್ಲ ಒಂದು ಬದಿಗೆ ಓಡಿ ನೀರು ತಿಳಿಯಾಯಿತು. ಕೊಳೆಯನ್ನೂ ಹಿಡಿದುಕೊಂಡು ಬರುತ್ತದೆ ಅಂದಿದ್ದೆ. ನಮ್ಮ ಬಾವಿಯ ಕೆಂಪಿಗೂ ಆದೀತಾ? ಫೋನ್ ಮಾಡೋಣ ಅಂದರೆ ಗಡಿಯ ಚೆಕ್‌ಪೋಸ್ಟಿನ ತಿರುವಿಗೆ ಹೋಗಿ ನಿಲ್ಲಬೇಕು, ಅಲ್ಲಿ ನಿಂತು ಮಾತಾಡಿದರೆ ಅರ್ಧ ಮಾತು ಕೇರಳಕ್ಕೆ ಹೋಗುತ್ತದೆ. ಅದಕ್ಕೇ ಪತ್ರ.

ಅತ್ತಿಗೆ ಹರ್ಷಿತಾ ಚೆನ್ನಾಗಿದ್ದಾಳೆ. ನಿನಗೆ ಎಲ್ಲ ಒಳ್ಳೆಯದಾಗಲಿ, ಬೇಗ ಡಾಕ್ಟರೇಟೂ ಆಗಲಿ.

ಅಣ್ಣ
ಚಿನ್ಮಯ


ಮೈಸೂರು,
2 ಜುಲೈ 2023

ಅಣ್ಣಾ,

ಪುಡಿ ಕಳಿಸಿದ್ದೇನೆ, ಅದರ ಜೊತೆಗೇ ಗುಂಡಿಯಷ್ಟು ದಪ್ಪದ ಅಯಸ್ಕಾಂತ. ಅದನ್ನು ಬೀರುವಿನ ಹತ್ತಿರ ಇಡಬೇಡ, ಬಿಡಿಸಲು ಇಬ್ಬರು ಬೇಕಾದೀತು. ಲ್ಯಾಬಿನ ಪುಡಿ ಹೊರಗೆ ಹೋಗಬಾರದು ಅಂತ ನಮ್ಮಲ್ಲಿ ನಿಯಮ. ಗೈಡಿಗೆ ಹೇಳಿಲ್ಲ. ನೀನೂ ಡಂಗುರ ಹೊಡೆಯಬೇಡ.

ಇದೆಂಥ ಪುಡಿ ಅಂತ ಅತ್ತಿಗೆ ಕೇಳಿದರೆ ಹೀಗೆ ಹೇಳು. ಕಬ್ಬಿಣದ ಮತ್ತು ಕೋಬಾಲ್ಟಿನ ಉಪ್ಪುಗಳನ್ನು ಸಿಟ್ರಿಕ್ ಆಮ್ಲದ ಜೊತೆ ಕಾಯಿಸುತ್ತೇನೆ. ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ, ಕೊನೆಗೆ ತಾನಾಗಿಯೇ ಹೊತ್ತಿಕೊಂಡು ಕಪ್ಪು ಬೂದಿಯಾಗುತ್ತದೆ. ಆ ಬೂದಿಯನ್ನು ಕುಲುಮೆಯಲ್ಲಿ ಒಂಬೈನೂರು ಡಿಗ್ರಿಯಲ್ಲಿ ಸುಟ್ಟರೆ ಸ್ಪೈನೆಲ್ ಫೆರೈಟ್ ಅನ್ನುವ ಹರಳು. ಕಣ್ಣಿಗೆ ಕಾಣದಷ್ಟು ಸಣ್ಣದು. ಅದರೊಳಗೆ ಪರಮಾಣುಗಳಿಗೆ ಎರಡು ಥರದ ಜಾಗ ಇವೆ, ನಮ್ಮ ದೇವಸ್ಥಾನದಲ್ಲಿ ಸಮಾರಾಧನೆಗೆ ಎದುರುಬದುರು ಎರಡು ಪಂಕ್ತಿ ಹಾಕುತ್ತೀರಲ್ಲ, ಹಾಗೆ. ಒಂದು ಪಂಕ್ತಿಯವರ ಮುಖ ಪೂರ್ವಕ್ಕೆ, ಇನ್ನೊಂದರವರದು ಪಶ್ಚಿಮಕ್ಕೆ. ಒಬ್ಬರ ಬಲವನ್ನು ಇನ್ನೊಬ್ಬರು ಕಳೆಯುತ್ತಾರೆ. ಒಂದು ಪಂಕ್ತಿಯ ಬಲ ಸ್ವಲ್ಪ ಹೆಚ್ಚು, ಆ ಹೆಚ್ಚಿನದ್ದೇ ಅಯಸ್ಕಾಂತದ ಕಡೆಗೆ ಓಡುವ ಶಕ್ತಿ. ನಾಲ್ಕು ವರ್ಷದಿಂದ ನಾನು ಅಳೆಯುತ್ತಾ ಕೂತಿರುವುದು ಇದನ್ನೇ.

ಮಾಡುವ ಕ್ರಮ: ತಾಮ್ರದ ಕೊಡಪಾನಕ್ಕೆ ನೀರು ತುಂಬಿ ಒಂದು ಚಮಚ ಪುಡಿ ಹಾಕಿ ಚೆನ್ನಾಗಿ ಕಲಕು. ಅರ್ಧ ಗಂಟೆ ಬಿಟ್ಟು ಅಯಸ್ಕಾಂತವನ್ನು ತಳಕ್ಕೆ ಹೊರಗಿನಿಂದ ಒತ್ತಿ ಹಿಡಿ. ಪುಡಿ ಕೆಂಪನ್ನೂ ಎಳೆದುಕೊಂಡು ತಳಕ್ಕೆ ಅಂಟಿಕೊಳ್ಳುತ್ತದೆ. ಮೇಲಿನ ತಿಳಿನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿಕೋ. ಕೊನೆಯಲ್ಲಿ ಎರಡು ಬೆರಳಿನಷ್ಟು ನೀರು ಉಳಿಯುತ್ತದೆ. ಅಂಟಿಕೊಳ್ಳದ ಪುಡಿ ಅದರಲ್ಲಿ ಇರಬಹುದು. ಅದನ್ನು ಚೆಲ್ಲಿಬಿಡು.

ನಿನ್ನ ಬಾವಿ ಗೆದ್ದರೆ ನನ್ನ ಪುಡಿಯೂ ಗೆದ್ದ ಹಾಗೆ. ಬೇಗ ಬರೆ.

ನಿನ್ನ
ತನು


ಕರಿಕೆ,
24 ಜುಲೈ 2023

ತನೂ,

ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆಯನ್ನು ನಮ್ಮ ಮನೆಯಲ್ಲಿ ಇನ್ನು ಯಾರೂ ಹೇಳುವ ಹಾಗಿಲ್ಲ. ನೀರು ಸ್ಫಟಿಕ. ದೇವರ ಪಾದವನ್ನು ಹುಣಸೆಹುಳಿ ಹಾಕಿ ಉಜ್ಜಿದೆ, ಮತ್ತೆ ಕೆಂಪಾಗಲಿಲ್ಲ. ದೇರಪ್ಪನವರು ತೀರ್ಥವನ್ನು ಬಾಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಯೋಚಿಸಿ, "ಲಾಯ್ಕ ಉಟ್ಟು" ಅಂದರು. ಅವರ ಬಾಯಿಂದ ಚೆನ್ನಾಗಿದೆ ಅಂತ ಬರುವುದೇ ದೊಡ್ಡದು. ನಿನ್ನ ಹೆಸರು ಹೇಳಲಿಲ್ಲ. ತಂತ್ರಿಗಳಿಗೆ ಮಾತ್ರ ವಿಷಯ ಹೇಳಿದೆ, ಅಯಸ್ಕಾಂತಕ್ಕೆ ಪುಣ್ಯಾಹ ಮಾಡಿ ಒಳಗೆ ತೆಗೆದುಕೊಳ್ಳಿ ಅಂದರು. ಮಾಡಿದೆ. ಪುಣ್ಯಾಹ ಮಾಡಿಸಿಕೊಂಡ ಮೊದಲ ಅಯಸ್ಕಾಂತ ನಮ್ಮದೇ ಇರಬೇಕು.

ಆದರೆ ಚೆಲ್ಲಿಬಿಡು ಅಂತ ಬರೆದೆಯಲ್ಲ, ನೀನು ಅರ್ಚಕರ ಮನೆಯಲ್ಲಿ ಹುಟ್ಟಿದವಳು ಹೌದೋ ಅಲ್ಲವೋ? ಮಡಿಯಲ್ಲಿ ಸೇದಿ, ಮಂತ್ರ ಹೇಳಿ ದೇವರ ಹೆಸರಿನಲ್ಲಿ ಎತ್ತಿಟ್ಟ ನೀರು ಅದು. ಕಾಲು ತುಳಿಯುವ ಕಡೆ ಚೆಲ್ಲುವ ಹಾಗಿಲ್ಲ. ಉಳಿದದ್ದು ತುಳಸಿಯ ಬುಡಕ್ಕೆ, ಅಲ್ಲವಾದರೆ ಅರ್ಚಕನ ಹೊಟ್ಟೆಗೆ. ಅಪ್ಪ ನನಗೆ ಮಂತ್ರಕ್ಕಿಂತ ಮೊದಲು ಕಲಿಸಿದ್ದು ಇದನ್ನು. ನಿನ್ನ ಎರಡು ಬೆರಳು ನೀರನ್ನು ದಿನಾ ತುಳಸಿಗೆ ಹಾಕುತ್ತಿದ್ದೇನೆ.

ಪುಡಿ ಮುಗಿಯುತ್ತಾ ಬಂತು. ಇನ್ನೊಂದು ಡಬ್ಬಿ ಬೇಕು, ಇದಕ್ಕಿಂತ ದೊಡ್ಡದು. ಸಿಂಹಮಾಸ ಬಂದರೆ ಜನ ಜಾಸ್ತಿ.

ನಿನ್ನನ್ನು ಓದಿಸಿದ್ದು ವ್ಯರ್ಥವಾಗಲಿಲ್ಲ ಅಂತ ಹರ್ಷಿತಾಳ ಹತ್ತಿರ ದಿನಕ್ಕೊಂದು ಸಲ ಹೇಳುತ್ತೇನೆ. ಅವಳಿಗೆ ಕೇಳಿ ಸಾಕಾಗಿದೆ.

ಅಣ್ಣ


ಮೈಸೂರು,
3 ಸೆಪ್ಟೆಂಬರ್ 2023

ಅಣ್ಣಾ,

ತಡವಾಯಿತು, ಬೈಯಬೇಡ. ನಮ್ಮ ದೊಡ್ಡ ಕುಲುಮೆಯ ಕಾಯಿಲ್ ಸುಟ್ಟುಹೋಗಿದೆ. ಹೊಸದು ಬರುವುದಕ್ಕೆ ಕಾಯುತ್ತಾ ಕೂತರೆ ನಿನ್ನ ದೇವರು ಮತ್ತೆ ಕೆಂಪಾಗುತ್ತಾನೆ ಅಂತ ಸಣ್ಣ ಕುಲುಮೆಯಲ್ಲಿ ನಾನೂರು ಡಿಗ್ರಿಯಲ್ಲೇ ಸುಟ್ಟೆ. ಈ ಡಬ್ಬಿಯಲ್ಲಿ ಇರುವುದು ಅದು.

ಹಾಗಂತ ಇದು ಕಳಪೆ ಅಲ್ಲ. ಕಡಿಮೆ ಸುಟ್ಟರೆ ಹರಳು ಬೆಳೆಯುವುದಿಲ್ಲ, ಇನ್ನೂ ಸಣ್ಣದಾಗಿ ಉಳಿಯುತ್ತದೆ. ಸಣ್ಣದಾದಷ್ಟೂ ಕೊಳೆ ಹಿಡಿಯುವ ಮೈ ಜಾಸ್ತಿ. ಮೊದಲಿನದಕ್ಕಿಂತ ಎರಡು ಪಾಲು ಹೆಚ್ಚು ಹಿಡಿಯುತ್ತದೆ. ಗೈಡಿಗೆ ಖುಷಿಯೋ ಖುಷಿ, ಪೇಪರ್ ಬರೆಯಲು ಹೇಳಿದ್ದಾರೆ. ಎಕ್ಸ್-ರೇಯಲ್ಲಿ ನೋಡಿದೆ, ಸ್ಪೈನೆಲ್ ಬಿಟ್ಟು ಬೇರೆ ಯಾವ ಗೆರೆಯೂ ಕಾಣಲಿಲ್ಲ. ಶುದ್ಧವಾಗಿದೆ.

ಒಂದೇ ತೊಂದರೆ, ಇದು ಅಯಸ್ಕಾಂತಕ್ಕೆ ಅಷ್ಟು ಬೇಗ ಓಡಿಬರುವುದಿಲ್ಲ. ಸಣ್ಣ ಹರಳಿನಲ್ಲಿ ಮೇಲ್ಮೈಯಲ್ಲಿ ಕೂತವರೇ ಹೆಚ್ಚು, ಅವರು ಪಂಕ್ತಿಯ ಶಿಸ್ತಿಗೆ ಬಗ್ಗುವುದಿಲ್ಲ. ಅರ್ಧ ಗಂಟೆಯ ಬದಲು ಒಂದು ಗಂಟೆ ಬಿಡು. ತಳದ ನೀರು ಸ್ವಲ್ಪ ಕಪ್ಪಾಗಿ ಉಳಿದರೆ ಗಾಬರಿಯಾಗಬೇಡ.

ಹಬ್ಬಕ್ಕೆ ಬರಲು ಆಗುವುದಿಲ್ಲ. ಅತ್ತಿಗೆಯ ಕೈಯ ಕಡುಬು ನನ್ನ ಪಾಲಿನದನ್ನೂ ನೀನೇ ತಿನ್ನು.

ತನು


ಕರಿಕೆ,
25 ನವೆಂಬರ್ 2023

ತನೂ,

ನಿನ್ನ ಹೊಸ ಪುಡಿ ಚೆನ್ನಾಗಿದೆ. ದೊಡ್ಡ ಡಬ್ಬಿ, ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದೆ.

ಮೂರು ಸುದ್ದಿ. ಒಂದು, ನಿನ್ನ ಅಣ್ಣ ಸುಂದರನಾಗಿದ್ದಾನೆ. ನಾನು ಹೇಳುವುದಲ್ಲ, ಊರೇ ಹೇಳುತ್ತಿದೆ. ಮುಖ ಕೆಂಪು ಕೆಂಪಾಗಿ ಕಳೆ ಬಂದಿದೆಯಂತೆ. ದೀಪಾವಳಿಗೆ ಬಂದವರೆಲ್ಲ ಎಂಥ ತೇಜಸ್ಸು ಭಟ್ರೆ ಅಂತ ಕಾಲಿಗೆ ಬಿದ್ದರು. ಮೊದಲು ನಮಸ್ಕಾರ ಅಂತ ಕೈ ಮಾತ್ರ ಎತ್ತುತ್ತಿದ್ದವರು! ಹರ್ಷಿತಾ ಮಾತ್ರ ಜ್ವರ ಇದೆಯಾ ಅಂತ ಹಣೆ ಮುಟ್ಟಿ ನೋಡುತ್ತಾಳೆ.

ಎರಡು, ನಮ್ಮ ದೇವಸ್ಥಾನದ ದೊಡ್ಡ ಗಂಟೆ ಬಿರುಕು ಬಿಟ್ಟಿದೆ. ಅಜ್ಜನ ಕಾಲದ್ದು. ಮೊದಲು ಹೊಡೆದರೆ ಎಷ್ಟೋ ಹೊತ್ತು ಗುಂಯ್ ಅನ್ನುತ್ತಿತ್ತು, ಈಗ ಟಪ್ ಅಂತ ಸತ್ತುಹೋಗುತ್ತದೆ. ನಾನು ಏಣಿ ಹಾಕಿ ಹತ್ತಿ ನೋಡಿದೆ, ಬಿರುಕು ಕಾಣಲಿಲ್ಲ, ಒಳಗಡೆ ಇರಬೇಕು. ದೇರಪ್ಪನವರು "ಗಂಟೆಗೆ ಎಂತದೂ ಆಗಿಲ್ಲೆ ಭಟ್ರೆ, ಮೊದ್ಲಿನಂಗೇ ಉಟ್ಟು" ಅನ್ನುತ್ತಾರೆ. ಖರ್ಚು ತಪ್ಪಿಸಲು ಹಾಗನ್ನುತ್ತಾರೆ. ಹರ್ಷಿತಾಳೂ ಅವರ ಪಕ್ಷ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನನಗೇ ಗಾದೆ ಹೇಳಿದಳು. ನಾನೇ ಹೊಸ ಗಂಟೆಗೆ ಹೇಳಿಬಿಟ್ಟಿದ್ದೇನೆ.

ಮೂರು, ತುಳಸಿ ಹೋಯಿತು. ಸೆಪ್ಟೆಂಬರ್ ಕೊನೆಗೇ ಎಲೆಯೆಲ್ಲ ಉದುರಿ ಕಡ್ಡಿಯಾಯಿತು. ಜೋರು ಮಳೆಯಲ್ಲಿ ತಡೆದುಕೊಂಡದ್ದು ಮಳೆ ಕಡಿಮೆಯಾದ ಮೇಲೆ ಕೊಳೆತದ್ದು ವಿಚಿತ್ರ. ಹೊಸ ಗಿಡ ನೆಟ್ಟೆ, ಅದೂ ಹಿಡಿಯಲಿಲ್ಲ. ತಳದ ನೀರಿಗೆ ಈಗ ಬೇರೆ ದಾರಿ ಮಾಡಿಕೊಂಡಿದ್ದೇನೆ, ನೀನು ಅದರ ಚಿಂತೆ ಬಿಡು.

ಹೋದ ವಾರ ತಿರುವಿಗೆ ಹೋಗಿ ಫೋನ್ ಮಾಡಿದಾಗ ನಿನ್ನ ಮಾತು ಒಂದೂ ಗೊತ್ತಾಗಲಿಲ್ಲ. ನೆಟ್‌ವರ್ಕ್ ಪೂರ್ತಿ ಹಾಳಾಗಿದೆ. ಪಕ್ಕದಲ್ಲಿ ನಿಂತವನು ಮಾತ್ರ ತನ್ನ ಹೆಂಡತಿಯ ಹತ್ತಿರ ಆರಾಮವಾಗಿ ಮಾತಾಡುತ್ತಿದ್ದ, ಅವನದು ಬೇರೆ ಕಂಪೆನಿಯ ಸಿಮ್ಮೋ ಏನೋ. ಪತ್ರವೇ ಬರೆ.

ಇಂತಿ ತೇಜಸ್ವಿ
ಅಣ್ಣ


ಮೈಸೂರು,
18 ಡಿಸೆಂಬರ್ 2023

ಅಣ್ಣಾ,

ಪೇಪರ್ ಒಂದು ಸುತ್ತು ದಾಟಿತು! ಸಣ್ಣಪುಟ್ಟ ತಿದ್ದುಪಡಿ ಮಾಡಿದರೆ ಒಪ್ಪಿಕೊಳ್ಳುತ್ತಾರೆ. ಮಾರ್ಚಿಗೆ ಪ್ರಬಂಧ ಒಪ್ಪಿಸಿಬಿಡಬೇಕು ಅಂತ ಗೈಡ್ ಬೆನ್ನು ಹತ್ತಿದ್ದಾರೆ. ಊಟ ನಿದ್ದೆ ಎಲ್ಲ ಲ್ಯಾಬಿನಲ್ಲೇ. ಅದಕ್ಕೇ ಚುಟುಕು ಪತ್ರ.

ತೇಜಸ್ಸಿಗೆ ಕಾರಣ ಅತ್ತಿಗೆಯ ತುಪ್ಪ, ಬೇರೆ ಏನಿಲ್ಲ. ಸ್ವಲ್ಪ ಕಡಿಮೆ ಮಾಡು.

ಒಂದೇ ಒಂದು ಅಂಕಿ ನನ್ನನ್ನು ಕಾಡುತ್ತಿದೆ. ನಾನೂರು ಡಿಗ್ರಿಯ ಪುಡಿಯ ಕಾಂತಶಕ್ತಿ ಗ್ರಾಮಿಗೆ ಮೂವತ್ತು ಚಿಲ್ಲರೆ ಬರುತ್ತಿದೆ. ಹರಳು ಸಣ್ಣದಾಯಿತು ಅಂತ ಎಷ್ಟು ಕಳೆದರೂ ಐವತ್ತಾದರೂ ಇರಬೇಕಿತ್ತು. ಊಟಕ್ಕೆ ಬಂದವರಲ್ಲಿ ಕೆಲವರು ಪಂಕ್ತಿಯಲ್ಲಿ ಕೂರದೆ ಎಲ್ಲೋ ಹೊರಗೆ ನಿಂತಿರಬೇಕು. ಆದರೆ ಎಕ್ಸ್-ರೇಯಲ್ಲಿ ಹೊರಗಿನವರು ಯಾರೂ ಕಾಣುತ್ತಿಲ್ಲ. ಪತ್ರಿಕೆಯ ಪರಿಶೀಲಕರೂ ಇದನ್ನೇ ಹಿಡಿದಿದ್ದಾರೆ. ಪುಡಿಯನ್ನು ಆಮ್ಲದಲ್ಲಿ ನೆನೆಸಿ ಕೋಬಾಲ್ಟ್ ಬಿಟ್ಟುಕೊಡುತ್ತದೋ ನೋಡಿ ಅಂದಿದ್ದಾರೆ. ಆ ಯಂತ್ರಕ್ಕೆ ಸರದಿ ದೊಡ್ಡದು, ಫೆಬ್ರವರಿಗೆ ಸಿಗುತ್ತದೆ.

ನೀನು ಇದನ್ನೆಲ್ಲ ತಲೆಗೆ ಹಾಕಿಕೊಳ್ಳಬೇಡ. ನಿನ್ನ ಪಾತ್ರೆಯಲ್ಲಿ ಇರುವುದು ನೀರು, ಆಮ್ಲ ಅಲ್ಲ. ತಳದ್ದನ್ನು ಬಿಟ್ಟರೆ ಸಾಕು.

ಹೊಸ ಗಂಟೆ ಹೇಗಿದೆ?

ತನು


ಕರಿಕೆ,
1 ಫೆಬ್ರವರಿ 2024

ಪ್ರೀತಿಯ ತನ್ಮಯೀ,

ಅತ್ತಿಗೆ ಬರೆಯುತ್ತಿದ್ದೇನೆ. ನಿನ್ನ ಅಣ್ಣನಿಗೆ ಗೊತ್ತಿಲ್ಲ. ಅವರು ಜಗಲಿಯಲ್ಲಿ ಮಲಗಿದ್ದಾರೆ, ಹಗಲು ಹನ್ನೊಂದು ಗಂಟೆಗೆ. ಅವರು ಹಗಲು ಮಲಗಿದ್ದನ್ನು ಮದುವೆಯಾದ ಮೇಲೆ ನಾನು ಕಂಡಿರಲಿಲ್ಲ.

ಹೊಸ ಗಂಟೆ ಬಂತು. ಅದನ್ನು ಹೊಡೆದು ನೋಡಿ ಇದೂ ಬಿರುಕು ಅಂದರು. ಅಂದು ನನಗೆ ಅರ್ಥವಾಯಿತು. ಹಿಂದಿನಿಂದ ಹೋಗಿ ಹೆಸರು ಹಿಡಿದು ಕರೆದೆ, ತಿರುಗಲಿಲ್ಲ. ತುಂಬ ಹತ್ತಿರ ಹೋಗಿ ಕೂಗಿದ ಮೇಲೆ ತಿರುಗಿದರು, ಯಾಕೆ ಕಿರುಚುತ್ತಿ ಅಂತ ನಕ್ಕರು. ಪೂಜೆಯಲ್ಲಿ ಮಂತ್ರ ಎಲ್ಲಿಗೆ ಬಂತು ಅಂತ ತಪ್ಪುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ. ಬಾವಿಕಟ್ಟೆಯಿಂದ ಗರ್ಭಗುಡಿಗೆ ನೀರು ಹೊತ್ತು ತರುವಾಗ ಎರಡು ಕಡೆ ಕೊಡಪಾನ ಇಳಿಸಿ ಏದುಸಿರು ಬಿಡುತ್ತಾರೆ. ಗಂಟಲ ಕೆಳಗೆ ಊದಿಕೊಂಡಿದೆ. ಜನ ಈಗಲೂ ತೇಜಸ್ಸು ಅನ್ನುತ್ತಾರೆ.

ದೇರಪ್ಪನವರ ಜೀಪಿನಲ್ಲಿ ಮಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ಹೃದಯ ದೊಡ್ಡದಾಗಿದೆ ಅಂದರು ಡಾಕ್ಟರು. ಕುಡಿಯುತ್ತಾರಾ ಅಂತ ಕೇಳಿದರು. ಅರ್ಚಕರು ಸಾರ್ ಅಂದೆ. ಹಾಗಾದರೆ ಬೇರೆ ಏನು ತೆಗೆದುಕೊಳ್ಳುತ್ತಾರೆ, ನಾಟಿ ಮದ್ದು, ಭಸ್ಮ, ಏನಾದರೂ ಅಂತ ಎರಡು ಮೂರು ಸಲ ಕೇಳಿದರು.

ತನ್ಮಯೀ, ಅವರು ತಳದ ನೀರು ಕುಡಿಯುತ್ತಾರೆ. ತುಳಸಿ ಹೋದಂದಿನಿಂದ ದಿನಾ. ಕೊಡಪಾನ ಬಗ್ಗಿಸಿ ಎರಡು ಅಂಗೈ ಕಪ್ಪು ನೀರು, ಕಣ್ಣು ಮುಚ್ಚಿ. ಬೇಡ ಅಂದರೆ ದೇವರದ್ದನ್ನು ಚೆಲ್ಲಲು ನಾನು ಯಾರು, ನನ್ನ ತಂಗಿಯೇ ಮಾಡಿದ ಪುಡಿ, ಅದರಿಂದ ಎಂತ ಆಗ್ತದೆ ಅನ್ನುತ್ತಾರೆ. ನಾನು ಡಾಕ್ಟರಿಗೆ ಅದನ್ನೇ ಹೇಳಲು ಬಾಯಿ ತೆರೆದೆ. ನಿನ್ನ ಅಣ್ಣ ನನ್ನ ತುಟಿ ನೋಡಿಯೇ ತಿಳಿದುಕೊಂಡರು, ಕೈ ಒತ್ತಿ ಹಿಡಿದರು. ಹೊರಗೆ ಬಂದ ಮೇಲೆ, "ಲ್ಯಾಬಿನಿಂದ ತರಬಾರದ್ದು ಅವಳು ತಂದು ಕೊಟ್ಟದ್ದು. ಹೇಳಿದ್ರೆ ಅವಳ ಓದು ಹಾಳಾಗ್ತದೆ. ನಾಲ್ಕು ವರ್ಷ ಕಷ್ಟಪಟ್ಟಿದ್ದಾಳೆ ಮಾರಾಯ್ತಿ. ನೀನು ಬಾಯಿ ಬಿಟ್ರೆ ನಾನು ಇನ್ನು ಆಸ್ಪತ್ರೆಗೆ ಬರುದಿಲ್ಲ" ಅಂದರು. ಆಸ್ಪತ್ರೆಯ ವೆರಾಂಡದಲ್ಲಿ ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳಿದರು. ತನ್ನ ದನಿ ಎಷ್ಟು ದೊಡ್ಡದಾಗಿದೆ ಅಂತ ಅವರಿಗೆ ಗೊತ್ತಾಗುವುದಿಲ್ಲ.

ಮೊನ್ನೆ ತಿರುವಿನಲ್ಲಿ ನಿಂತು ನಿನಗೆ ಫೋನ್ ಮಾಡಿದೆ. ಅವರು ಪಕ್ಕದಲ್ಲೇ ಇದ್ದರು, ಕೇಳಿಸದಿರಲಿ ಅಂತ ದನಿ ಇಳಿಸಿದೆ. ಆಮೇಲೆ ಅವರಿಗೆ ಹೇಗೂ ಕೇಳುವುದಿಲ್ಲ ಅಂತ ನೆನಪಾಯಿತು. ಅಳು ಬಂತು, ಆರೋಗ್ಯವಾಗಿದ್ದೇವೆ ಅಂತ ಹೇಳಿ ಇಟ್ಟುಬಿಟ್ಟೆ.

ಆ ಪುಡಿ ಕೆಟ್ಟದ್ದಾ? ನನಗೆ ತಿಳಿಯುವುದಿಲ್ಲ, ಡಾಕ್ಟರಿಗೆ ಗೊತ್ತಿಲ್ಲ, ನಿನ್ನ ಅಣ್ಣ ಹೇಳುವುದಿಲ್ಲ. ಹೇಳಬಲ್ಲವಳು ನೀನೊಬ್ಬಳೇ. ನಿನ್ನ ಓದು ಕೆಡಲಿ ಅಂತ ನನಗೂ ಇಲ್ಲ. ಆದರೆ ನನಗೆ ಗಂಡ ಬೇಕು.

ಇದನ್ನು ಓದಿದ ಮೇಲೆ ನನ್ನ ಮೇಲೆ ಕೋಪ ಬಂದರೂ ಪರವಾಗಿಲ್ಲ.

ಹರ್ಷಿತಾ


ಮೈಸೂರು,
8 ಫೆಬ್ರವರಿ 2024

ಮಾನ್ಯ ಡಾಕ್ಟರರಿಗೆ,

ಮೊನ್ನೆ ಫೋನಿನಲ್ಲಿ ಹೇಳಿದ್ದನ್ನು ಬರೆದುಕೊಡಿ ಅಂದಿರಿ. ಅಂಕಿಗಳಿರುವ ವರದಿ ಇಂಗ್ಲಿಷಿನಲ್ಲಿ ಇದರ ಜೊತೆಗಿದೆ. ಈ ಪತ್ರವನ್ನು ಕನ್ನಡದಲ್ಲಿ ಬರೆದದ್ದು ನನ್ನ ಅತ್ತಿಗೆಯೂ ಓದಲಿ ಅಂತ.

ನಿಮ್ಮಲ್ಲಿ ದಾಖಲಾಗಿರುವ ಕರಿಕೆಯ ಅರ್ಚಕ ಚಿನ್ಮಯ ಅವರು ನನ್ನ ಅಣ್ಣ. ಸೆಪ್ಟೆಂಬರ್ ಕೊನೆಯಿಂದ ಅವರು ದಿನವೂ ಕೋಬಾಲ್ಟ್ ಫೆರೈಟ್ ಪುಡಿ ಬೆರೆತ ನೀರು ಕುಡಿದಿದ್ದಾರೆ. ಆ ಪುಡಿ ಮಾಡಿದವಳು ನಾನು. ಲ್ಯಾಬಿನ ನಿಯಮ ಮೀರಿ, ಯಾರಿಗೂ ಹೇಳದೆ ಕಳಿಸಿದವಳೂ ನಾನು. ಬಾವಿಯ ನೀರಿನ ಕೆಂಪು ತೆಗೆಯಲು ಕೊಟ್ಟದ್ದು. ತಳದಲ್ಲಿ ಉಳಿದದ್ದನ್ನು ಚೆಲ್ಲಲು ಬರೆದಿದ್ದೆ. ದೇವರ ನೀರನ್ನು ಚೆಲ್ಲುವ ಹಾಗಿಲ್ಲ, ಗಿಡಕ್ಕೆ ಹಾಕಬೇಕು, ಆಗದಿದ್ದರೆ ಅರ್ಚಕ ಕುಡಿಯಬೇಕು ಅಂತ ಅಣ್ಣ ಜುಲೈಯಲ್ಲೇ ಉತ್ತರ ಬರೆದಿದ್ದ. ಗಿಡ ಸತ್ತಿತು ಅಂತ ನವೆಂಬರಿನಲ್ಲಿ ಬರೆದ. ಎರಡನ್ನೂ ಓದಿದೆ. ಎರಡನ್ನೂ ಸೇರಿಸಿ ನೋಡಲಿಲ್ಲ. ಆಗ ನನ್ನ ತಲೆಯಲ್ಲಿ ಪೇಪರ್ ಬಿಟ್ಟು ಬೇರೆ ಏನೂ ಇರಲಿಲ್ಲ.

ಮೊದಲ ಡಬ್ಬಿ ಚೆನ್ನಾಗಿ ಸುಟ್ಟದ್ದು, ಅದರಲ್ಲಿ ಕೋಬಾಲ್ಟ್ ಹರಳಿನೊಳಗೆ ಭದ್ರವಾಗಿತ್ತು. ಎರಡನೆಯದನ್ನು ನಾನೂರು ಡಿಗ್ರಿಯಲ್ಲಿ ಸುಟ್ಟೆ. ಎಕ್ಸ್-ರೇಗೆ ಹರಳಾದದ್ದು ಮಾತ್ರ ಕಾಣುತ್ತದೆ, ಹರಳಾಗದೆ ಉಳಿದದ್ದು ಕಾಣುವುದಿಲ್ಲ. ಕಾಣದ್ದರಿಂದ ಇಲ್ಲ ಅಂದುಕೊಂಡೆ. ಕಾಂತಶಕ್ತಿ ಕಡಿಮೆ ಬಂದಾಗಲೇ ಕೋಬಾಲ್ಟ್ ತನ್ನ ಜಾಗದಲ್ಲಿ ಕೂತಿಲ್ಲ ಅಂತ ತಿಳಿಯಬೇಕಿತ್ತು. ಅತ್ತಿಗೆಯ ಪತ್ರ ಬಂದ ದಿನ ದೇರಪ್ಪನವರ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿ ನೀರು ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಲು ಹೇಳಿದೆ. ಆಮೇಲೆ ಲ್ಯಾಬಿನಲ್ಲಿ ಉಳಿದಿದ್ದ ಅದೇ ಪುಡಿಯನ್ನು ಹೊಟ್ಟೆಯ ಆಮ್ಲದಷ್ಟು ಹುಳಿಯ ದ್ರಾವಣದಲ್ಲಿ ನೆನೆಸಿದೆ. ಯಂತ್ರದ ಸರದಿಯಲ್ಲಿದ್ದವರ ಕಾಲು ಹಿಡಿದು ಜಾಗ ಬಿಡಿಸಿಕೊಂಡೆ. ಕೋಬಾಲ್ಟಿನ ಐದರಲ್ಲಿ ಒಂದು ಪಾಲು ಹೊರಗೆ ಬಂದಿತ್ತು.

ಹೆಚ್ಚಾದ ಕೋಬಾಲ್ಟ್ ಮೊದಲು ರಕ್ತ ಹೆಚ್ಚಿಸಿ ಮುಖ ಕೆಂಪು ಮಾಡುತ್ತದೆ, ಆಮೇಲೆ ಥೈರಾಯ್ಡ್, ಕಿವಿ, ಹೃದಯ ಅಂತ ಓದಿದೆ. ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ದಯವಿಟ್ಟು ರಕ್ತ ಮತ್ತು ಮೂತ್ರದಲ್ಲಿ ಕೋಬಾಲ್ಟ್ ನೋಡಿ. ಎರಡನೆಯ ಪುಡಿ ಪೂರ್ತಿ ಅಯಸ್ಕಾಂತಕ್ಕೆ ಬರುವುದಿಲ್ಲವಾದ್ದರಿಂದ ಮೇಲಿನ ತಿಳಿನೀರಿನಲ್ಲೂ ಸ್ವಲ್ಪ ಇದ್ದಿರಬೇಕು. ಅದು ತೀರ್ಥವಾಗಿ ಊರಿನವರ ಕೈಗೆ ಹೋಗಿದೆ. ಅವರನ್ನೂ ನೋಡಬೇಕು.

ಗೈಡಿಗೂ ವಿಭಾಗಕ್ಕೂ ಇಂದು ಬೆಳಿಗ್ಗೆ ಎಲ್ಲ ತಿಳಿಸಿದ್ದೇನೆ. ಪೇಪರ್ ಹಿಂದಕ್ಕೆ ತೆಗೆದುಕೊಂಡೆ. ಈ ಪತ್ರವನ್ನು ನೀವು ಯಾರಿಗೆ ಬೇಕಾದರೂ ತೋರಿಸಬಹುದು.

ಅಣ್ಣ ಏನೂ ತೆಗೆದುಕೊಂಡಿಲ್ಲ ಅಂತ ಇನ್ನೂ ವಾದಿಸಿದರೆ ನಂಬಬೇಡಿ. ಅವನು ನನಗಾಗಿ ಸುಳ್ಳು ಹೇಳುತ್ತಿದ್ದಾನೆ.

ವಿನಯಪೂರ್ವಕ,
ತನ್ಮಯೀ


ಕರಿಕೆ,
2 ಏಪ್ರಿಲ್ 2024

ತನೂ,

ಮನೆಗೆ ಬಂದು ಹತ್ತು ಹದಿನೈದು ದಿನವಾಯಿತು. ಮೊದಲು ಸಿಟ್ಟು ತೀರಿಸಿಕೊಳ್ಳುತ್ತೇನೆ. ನಾನು ಹಲ್ಲು ಕಚ್ಚಿ ಹಿಡಿದ ಗುಟ್ಟನ್ನು ನೀನು ಸಹಿ ಹಾಕಿ ಕಳಿಸಿದೆ. ಲ್ಯಾಬಿನಿಂದ ನಿನ್ನನ್ನು ಹೊರಗೆ ಇಟ್ಟಿದ್ದಾರೆ, ವಿಚಾರಣೆ ಅಂತೆ. ಇದಕ್ಕಾ ನಾನು ಅಷ್ಟು ದಿನ ಡಾಕ್ಟರ ಮುಂದೆ ಕಲ್ಲಿನ ಹಾಗೆ ಕೂತದ್ದು? ಹರ್ಷಿತಾ ನಿನ್ನ ಪತ್ರವನ್ನು ನನ್ನ ಕೈಗೆ ಕೊಟ್ಟು, ಪೂರ್ತಿ ಓದಿಯೇ ಬಾಯಿ ತೆರೀಬೇಕು ಅಂತ ಸ್ಲೇಟಿನಲ್ಲಿ ಬರೆದಳು. ಪೂರ್ತಿ ಓದಿದೆ.

ರಕ್ತದಲ್ಲಿ ಇರಬೇಕಾದದ್ದಕ್ಕಿಂತ ಎಷ್ಟೋ ನೂರು ಪಾಲು ಇತ್ತಂತೆ. ಈಗ ಇಳಿಯುತ್ತಿದೆ. ಹೃದಯ ಇನ್ನೂ ದೊಡ್ಡದೇ, ಚಿಕ್ಕದಾದರೂ ಆಗಬಹುದು ಅಂದಿದ್ದಾರೆ. 'ಆದರೂ ಆಗಬಹುದು' ಅನ್ನುವುದರ ಅರ್ಥ ನನಗೆ ಗೊತ್ತು, ಜಾತಕ ನೋಡುವಾಗ ನಾನೂ ಹಾಗೇ ಹೇಳುವುದು. ಮುಖದ ತೇಜಸ್ಸು ಹೋಯಿತು. ಕಾಲಿಗೆ ಬೀಳುವವರೂ ಇಲ್ಲ.

ಬಾವಿಗೆ ಹಲಗೆ ಹೊಡೆದಿದ್ದಾರೆ. ಪೂಜೆಗೆ ಭಾಗಮಂಡಲದ ಕಡೆಯ ಒಬ್ಬರು ಬರುತ್ತಾರೆ, ನೀರನ್ನೂ ತಾವೇ ತರುತ್ತಾರೆ. ತಂತ್ರಿಗಳು ಈ ಸಲ ಬೈಯಲಿಲ್ಲ. ದಿನಾ ತೀರ್ಥ ತೆಗೆದುಕೊಳ್ಳುತ್ತಿದ್ದವರ ರಕ್ತವನ್ನು ಪರೀಕ್ಷೆಗೆ ಕಳಿಸಿದ್ದಾರೆ, ಉತ್ತರ ಬಂದಿಲ್ಲ. ಒಂದು ದಿನವೂ ತಪ್ಪದೆ ಪೂಜೆಗೆ ಬರುತ್ತಿದ್ದ ಸಣ್ಣಸ್ವಾಮಿ, ಗದ್ದೆಯಾಚೆಯ ಮನೆಯವನು, ಮೊನ್ನೆ ನನ್ನನ್ನು ನೋಡಲು ಬಂದ. ಅವನ ಮನೆಯ ಟಿ.ವಿ.ಯ ಸದ್ದು ಸಣ್ಣಗಾಗಿದೆಯಂತೆ, ರಿಪೇರಿಗೆ ಕೊಡಬೇಕು ಅಂದನಂತೆ. ಹರ್ಷಿತಾ ಅದನ್ನು ಸ್ಲೇಟಿನಲ್ಲಿ ಬರೆದು ತೋರಿಸಿದಳು. ಅವನಿಗೆ ಕಾಫಿ ಕೊಟ್ಟು ಕಳಿಸಿದೆವು.

ನೀನು ಆಸ್ಪತ್ರೆಯ ಗೇಟಿನವರೆಗೆ ಬಂದು ಹಿಂದಕ್ಕೆ ಹೋದೆ ಅಂತ ನನಗೆ ಗೊತ್ತು. ದೇರಪ್ಪನವರು ನೋಡಿದ್ದಾರೆ. ಕರೆದರೂ ತಿರುಗಲಿಲ್ಲವಂತೆ. ಕಿವುಡು ನನಗೆ ಬಂದದ್ದಾ ನಿನಗೆ ಬಂದದ್ದಾ? ಅಂದಿನಿಂದ ವಾರಕ್ಕೊಂದು ಪತ್ರ ಬರೆಯುತ್ತಿದ್ದೀಯ, ಎಲ್ಲದರಲ್ಲೂ ಕ್ಷಮಿಸು ಅಂತ. ನನಗೆ ಓದಿ ಓದಿ ಸಾಕಾಗಿದೆ. ಚೆಲ್ಲು ಅಂದದ್ದು ನೀನು, ಚೆಲ್ಲದವನು ನಾನು. ಇಬ್ಬರೂ ಸರಿಯಾಗಿಯೇ ನಡೆದುಕೊಂಡೆವು ಅಂತ ನನಗೆ ಈಗಲೂ ಅನಿಸುತ್ತದೆ, ಅದನ್ನು ನೆನೆದರೇ ಹೆಚ್ಚು ಭಯ.

ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯ ಹತ್ತಿರ ಜೋರಾಗಿ ಹೇಳಿದರೆ ಇನ್ನೂ ಸ್ವಲ್ಪ ಬರುತ್ತದೆ. ಅದು ಉಳಿಯುತ್ತದಾ ಅಂತ ಕೇಳಿದೆ, ಡಾಕ್ಟರು ಸ್ಲೇಟನ್ನು ಕೈಗೆ ತೆಗೆದುಕೊಂಡು ಏನೂ ಬರೆಯದೆ ಹಿಂದಕ್ಕೆ ಕೊಟ್ಟರು. ಹರ್ಷಿತಾಳ ದನಿ ದಿನಾ ಕೇಳುವುದರಿಂದ ಗುರುತು ಸಿಗುತ್ತದೆ. ನಿನ್ನೆ ಕೂತುಕೊಂಡು ನಿನ್ನದು ಹೇಗಿತ್ತು ಅಂತ ನೆನಪು ಮಾಡಿಕೊಳ್ಳಲು ನೋಡಿದೆ. ಮುಖ ಬಂತು, ನಗು ಬಂತು, ದನಿ ಬರಲಿಲ್ಲ. ಎಷ್ಟು ಹೊತ್ತು ಕೂತರೂ ಬರಲಿಲ್ಲ.

ಇನ್ನು ಪತ್ರ ಬರೆಯಬೇಡ, ಬಾ. ನನ್ನ ಬಲಗಡೆ ಕೂತು ಏನು ಬೇಕಾದರೂ ಮಾತಾಡು.

ಅಣ್ಣ